ಮೂಲೆಯ ತಾರೀಕು

ವಿಸಿಆರ್ ಕೆಟ್ಟುಹೋಗಲಿ ಎಂದು ಜಯರಾಜ ಬೆಳಿಗ್ಗೆಯಿಂದ ಹಾರೈಸುತ್ತಿದ್ದ. ಹಾರೈಕೆಗೆ ಆಧಾರವಿಲ್ಲದೆ ಇರಲಿಲ್ಲ. ಹೋದ ತಿಂಗಳು ಅದು ಯಾರದೋ ಮದುವೆಯ ಕ್ಯಾಸೆಟ್ಟನ್ನು ಸರಿಯಾಗಿ ಧಾರೆಯ ಹೊತ್ತಿಗೆ ನುಂಗಿ, ಎಳೆದಷ್ಟೂ ಕರಿ ಶಾವಿಗೆಯ ಹಾಗೆ ಹೊರಗೆ ಬಿಟ್ಟಿತ್ತು. ಆದರೆ ಈ ಶುಕ್ರವಾರ, ಬಹ್ರೈನಿನ ಸನದಿನ ಈ ಎರಡನೇ ಮಾಳಿಗೆಯ ಫ್ಲ್ಯಾಟಿನಲ್ಲಿ, ಯಂತ್ರಗಳೆಲ್ಲ ಪರಮ ಆರೋಗ್ಯದಲ್ಲಿದ್ದವು. ಎಸಿ ತಣ್ಣಗೆ ಊದುತ್ತಿತ್ತು; ಅವನ ಕಂಪೆನಿಯದೇ, ಊದದೆ ಉಪಾಯವಿಲ್ಲ. ಅಡುಗೆಮನೆಯಲ್ಲಿ ಮಿಕ್ಸರು ಕೊತ್ತಂಬರಿ, ಒಣಮೆಣಸು ಅರೆಯುತ್ತಿತ್ತು. ಹದಿಮೂರು ವರ್ಷದ ಮಗಳು ಕ್ಷಮಾ ಸೋಫಾದ ಮೇಲೆ ಕಾಲು ಮೇಲೆ ಹಾಕಿ ಕೂತು, ರಿಮೋಟನ್ನು ವಿಸಿಆರಿನ ಕಡೆ ತಿರುಗಿಸಿ ಪರೀಕ್ಷಿಸಿ, "ವರ್ಕಿಂಗ್ ಫೈನ್, ಡ್ಯಾಡಿ" ಎಂದು ವರದಿ ಕೊಟ್ಟಳು. ಅವನು ಬಾಲ್ಕನಿಗೆ ಹೋಗಿ ನಿಂತ. ಸಿತ್ರಾದ ಕಡೆ ಗಲಭೆಯವರು ಟಯರು ಸುಟ್ಟ ಹೊಗೆ ಒಂದೆಳೆ ಎದ್ದು ಮೇಲೆ ಹೋಗುತ್ತ ತೆಳ್ಳಗಾಗುತ್ತಿತ್ತು. ಇದು ಜೋರಾಗಿ ರಸ್ತೆ ಮುಚ್ಚಿದರೆ ಊಟಕ್ಕೆ ಕರೆದ ಬ್ಯಾಪ್ಟಿಸ್ಟ್ ಬರಲಾರ ಎಂದು ಒಂದು ಕ್ಷಣ ಆಸೆ ಹುಟ್ಟಿತು. ಮರುಕ್ಷಣವೇ, ಊರಿಗೆ ಬೆಂಕಿ ಬಿದ್ದರೆ ತನ್ನ ಮಧ್ಯಾಹ್ನದ ಊಟ ತಪ್ಪುತ್ತದೆಂದು ಲೆಕ್ಕ ಹಾಕುವ ಮನುಷ್ಯ ತಾನು ಎಂಬುದು ಹೊಳೆದು, ಆ ಹೊಗೆಯನ್ನು ನೋಡಲೂ ನಾಚಿಕೆಯಾಯಿತು.

"ಐದು ತಿಂಗ್ಳಾಯ್ತು ಕರೀಬೇಕು ಕರೀಬೇಕು ಅಂತ," ಹೆಂಡತಿ ನೀರಜಾಕ್ಷಿ ಒಳಗಿನಿಂದಲೇ ಹೇಳುತ್ತಿದ್ದಳು, "ನೀವು ಒಂದು ಸಲ ತಲೆನೋವು ಅಂದ್ರಿ, ಒಂದು ಸಲ ಆಡಿಟ್ ಅಂದ್ರಿ. ಪಾಪ, ಅವ್ರೇ ಹೋಗ್ಬೇಕಾದ ಜಾಗ ಅಲ್ದಾ ಅದು. ಟೀವಿಯಲ್ಲಾದ್ರೂ ಕಾಣ್ಲಿ." ಅವಳು ಕುಂದಾಪುರದ ಕಡೆಯವಳು, ಕನಿಕರ ಬಂದರೆ ಮಾತು ಇನ್ನೂ ಊರಿನದಾಗುತ್ತಿತ್ತು. ಅವಳಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದವರು ಎಷ್ಟು ಕರಾರುವಾಕ್ಕಾಗಿ ಗುರಿಯಿಟ್ಟು ಹೊಡೆಯುತ್ತಾರೆ ಎಂದು ಜಯರಾಜ ಈ ಐದು ತಿಂಗಳಲ್ಲಿ ಸಾಕಷ್ಟು ಕಲಿತಿದ್ದ.

ಅವರೇ ಹೋಗಬೇಕಾದ ಜಾಗ. ಗಲ್ಫಿನಲ್ಲಿ ಒಂದು ಬೇಸಿಗೆಯಲ್ಲಿ ಅತಿ ಹೆಚ್ಚು ಎಸಿ ಮಾರಿದ ಸೇಲ್ಸ್‌ಮನ್ನಿಗೆ, ಹೆಂಡತಿ ಸಮೇತ, ಮೆಕ್ಸಿಕೋದ ಸಮುದ್ರದಂಡೆಯಲ್ಲಿ ಏಳು ದಿನ ಎಂದು ತಯಾರಕರು ಘೋಷಿಸಿದಾಗ ಮನಾಮಾದ ಶೋರೂಮಿನಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ದುಬೈಯವರಿಗೋ ಕುವೈತಿನವರಿಗೋ ಹೋಗುವ ಮಾತು. ಆದರೆ ಬ್ಯಾಪ್ಟಿಸ್ಟ್, ಮೂಡಬಿದ್ರೆ ಕಡೆಯ, ಟೈ ಕಟ್ಟಿದರೂ ಯಾವಾಗಲೂ ಯಾರದೋ ಟೈ ಕಟ್ಟಿದವನಂತೆ ಕಾಣುವ ಬ್ಯಾಪ್ಟಿಸ್ಟ್, ಕಟ್ಟುತ್ತಿದ್ದ ಎರಡು ಹೋಟೆಲುಗಳ ಪ್ರತಿ ಕೋಣೆಗೂ ತಮ್ಮದೇ ಎಸಿ ಕೂರಿಸಿ, ಗೆದ್ದುಬಿಟ್ಟ. ಗೆದ್ದವನ ಕಾಗದಪತ್ರ ಸಮಯಕ್ಕೆ ಸರಿಯಾಗಿ ತಲುಪದಿದ್ದರೆ ಆ ಶಾಖೆಯ ಮ್ಯಾನೇಜರ್ ಹೋಗಬಹುದು ಎಂದು ನಿಯಮಾವಳಿಯ ಕೊನೆಯ ಸಾಲಿನಲ್ಲಿತ್ತು. ಶಾಖೆಯ ಮ್ಯಾನೇಜರ್ ಜಯರಾಜ. ಏಪ್ರಿಲ್ ಹನ್ನೊಂದು, ಗುರುವಾರ ಮಧ್ಯಾಹ್ನದೊಳಗೆ ಪಾಸ್‌ಪೋರ್ಟಿನ ಪ್ರತಿ ಫ್ಯಾಕ್ಸಾಗಬೇಕು. ಬ್ಯಾಪ್ಟಿಸ್ಟನ ಹೆಂಡತಿ ಫಿಲೊಮಿನಾಳ ಪಾಸ್‌ಪೋರ್ಟನ್ನು ಅವಳು ಕೆಲಸ ಮಾಡುವ ಆಸ್ಪತ್ರೆಯವರು ಕೇಳಿದ ದಿನವೇ ಕೊಟ್ಟರು. ಬ್ಯಾಪ್ಟಿಸ್ಟನದ್ದು ವೀಸಾ ನವೀಕರಣಕ್ಕೆ ಜವಾಝಾತಿಗೆ, ಸರ್ಕಾರಿ ಪಾಸ್‌ಪೋರ್ಟ್ ಕಚೇರಿಗೆ, ಹೋಗಿತ್ತು. ಕಂಪೆನಿಯ ಪಾಸ್‌ಪೋರ್ಟುಗಳೆಲ್ಲ, ಎಲ್ಲ ಕಂಪೆನಿಗಳಲ್ಲೂ ಇರುವ ಹಾಗೆ, ಕಂಪೆನಿಯ ಬಳಿಯೇ: ಹದಿನಾಲ್ಕು ಜನರದ್ದು ಜಯರಾಜನ ಮೇಜಿನ ಬಲಗಡೆಯ ಡ್ರಾಯರಿನಲ್ಲಿ, ಸ್ಟೇಪ್ಲರಿನ ಅಡಿಯಲ್ಲಿ, ಜಯರಾಜನದ್ದು ಮಹಡಿಯ ಮೇಲೆ ಅರ್ಬಾಬರ, ಅಂದರೆ ಧಣಿಗಳ, ಕಪಾಟಿನಲ್ಲಿ. ಒಂಬತ್ತನೇ ತಾರೀಕು, ಮಂಗಳವಾರ ಸಂಜೆ, ಸರ್ಕಾರಿ ಕಚೇರಿಗಳ ಓಡಾಟದ ಅಝೀಝ್ ಬಂದು, ರಬ್ಬರ್‌ಬ್ಯಾಂಡ್ ಹಾಕಿದ ಕಟ್ಟನ್ನು ಮೇಜಿನ ಮೇಲೆ ಒಗೆದು, "ಖಲಾಸ್, ಎಲ್ಲ ಮುಗೀತು" ಎಂದು ಹೋದ. ಕಟ್ಟಿನಲ್ಲಿ ಮೂರನೆಯದು ಬ್ಯಾಪ್ಟಿಸ್ಟನದು. ಜಯರಾಜ ಅದನ್ನು ಡ್ರಾಯರಿಗೆ ಹಾಕಿದ. ಅಷ್ಟೇ. ಅದನ್ನು ಬಚ್ಚಿಡಲಿಲ್ಲ, ಅದು ಇರಬೇಕಾದ ಜಾಗದಲ್ಲಿ ಇಟ್ಟ. ಬುಧವಾರ ಬೆಳಿಗ್ಗೆ ಬ್ಯಾಪ್ಟಿಸ್ಟ್ ಬಾಗಿಲಲ್ಲಿ ಅರ್ಧ ದೇಹ ಒಳಗಿಟ್ಟು, "ಸರ್, ಪಾಸ್‌ಪೋರ್ಟ್ ಬಂತಾ?" ಎಂದು ಕೇಳಿದಾಗ ಜಯರಾಜ ಫೈಲಿನಿಂದ ತಲೆಯೆತ್ತದೆ, "ಬುಕ್ರಾ, ಇನ್‌ಶಾಲ್ಲಾ" ಎಂದ. ನಾಳೆ, ದೇವರಿಚ್ಛೆ. ಅರಬ್ಬಿಯಲ್ಲಿ ಹೇಳಿದ್ದರಿಂದ ಅದು ಪೂರ್ತಿ ತನ್ನ ಸುಳ್ಳು ಅನ್ನಿಸಲಿಲ್ಲ. ದಿನಕ್ಕೆ ನೂರು ಸಲ ಎಲ್ಲರೂ ಎಲ್ಲರಿಗೂ ಹೇಳುವ, ಆಫೀಸಿನ ಗಾಳಿಯಲ್ಲೇ ತೇಲಾಡುವ ಮಾತು.

ಯಾಕೆ ಮಾಡಿದೆ ಎಂದು ಕೇಳಿಕೊಂಡಾಗಲೆಲ್ಲ ದೊಡ್ಡ ಕಾರಣವೊಂದು ಸಿಕ್ಕಿದ್ದರೆ ಸಮಾಧಾನವಿರುತ್ತಿತ್ತು. ಮೆಕ್ಸಿಕೋ ನೋಡುವ ಹಂಬಲವೇನೂ ಇರಲಿಲ್ಲ. ಅದು ಭೂಪಟದಲ್ಲಿ ಎಲ್ಲಿದೆ ಎಂದು ಕ್ಷಮಾಳ ಪುಸ್ತಕ ತೆರೆದು ನೋಡಬೇಕಾಯಿತು. ಸಿಗುತ್ತಿದ್ದುದು ಇಷ್ಟೇ: ಆ ಮಂಗಳವಾರ ಬೆಳಿಗ್ಗೆ ಅರ್ಬಾಬರು ಶೋರೂಮಿಗೆ ಇಳಿದು ಬಂದು, ಎದ್ದು ನಿಂತ ಜಯರಾಜನನ್ನು ದಾಟಿ ಹೋಗಿ, ಬ್ಯಾಪ್ಟಿಸ್ಟನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿ ನಕ್ಕಿದ್ದರು. ಜಯರಾಜ ಸಲಾಮಿಗೆಂದು ಎತ್ತಿದ ಕೈಯನ್ನು ಕೂದಲು ಸರಿಪಡಿಸಲು ಬಳಸಿಕೊಂಡಿದ್ದ.

ಒಂದು ಗಂಟೆಗೆ ಅವರು ಬಂದರು. ಪೂಜೆ ಮುಗಿಸಿ ಇಗರ್ಜಿಯಿಂದ ನೇರ ಬಂದದ್ದರಿಂದ ಫಿಲೊಮಿನಾ ರೇಷ್ಮೆ ಸೀರೆಯಲ್ಲಿದ್ದಳು. ಕೈಯಲ್ಲಿ ಅವಳೇ ಮಾಡಿದ ಕೇಕು. ಮಗ ಜೋಸ್ವಿನ್ ಬಂದಿರಲಿಲ್ಲ, ಹತ್ತನೇ ಕ್ಲಾಸು, ಟ್ಯೂಷನ್ನು. ಬ್ಯಾಪ್ಟಿಸ್ಟ್ ಚಪ್ಪಲಿ ಬಿಚ್ಚಿ, ಅವನ್ನು ಗೋಡೆಗೆ ಸಮಾನಾಂತರವಾಗಿ ಜೋಡಿಸಿ, ಒಳಗೆ ಬಂದ. ಈ ಮನುಷ್ಯ ನನ್ನ ಮನೆಯಲ್ಲಿ ಚಪ್ಪಲಿಯನ್ನಾದರೂ ಒರಟಾಗಿ ಬಿಡಬಾರದೇ, ಎನ್ನಿಸಿತು ಜಯರಾಜನಿಗೆ.

"ಎಸಿ ಹೇಗುಂಟು ಬ್ಯಾಪ್ಟಿಸ್ಟ್ರೆ?" ಎಂದ, ಬೇರೆ ಮಾತು ಹೊಳೆಯದೆ.

"ಒಳ್ಳೇದುಂಟು ಸರ್. ನಾನೇ ಮಾರಿದ್ದಲ್ವಾ ನಿಮಗೆ," ಎಂದು ಬ್ಯಾಪ್ಟಿಸ್ಟ್ ನಕ್ಕ. "ಸ್ಟಾಫ್ ಡಿಸ್ಕೌಂಟ್. ಆ ಬಿಲ್ಲು ಕೂಡ ಕಾಂಪಿಟೀಷನ್ನಲ್ಲಿ ಸೇರಿತ್ತು."

ಊಟದ ಹೊತ್ತಿಗೆ ಹೆಂಗಸರಿಬ್ಬರೂ ಮಾತಾಡಿದರು. ಆಸ್ಪತ್ರೆಯ ಹೊಸ ಮೇಟ್ರನ್, ಮನಾಮಾದಲ್ಲಿ ಬಂಗುಡೆ ಸಿಗುವ ಅಂಗಡಿ, ಮಕ್ಕಳ ಇಂಗ್ಲಿಷು. ಜಯರಾಜ ಬಂಗುಡೆಯ ಮುಳ್ಳನ್ನು ಅತ್ಯಂತ ಶ್ರದ್ಧೆಯಿಂದ ಬಿಡಿಸಿದ. ತಟ್ಟೆಯ ಅಂಚಿನಲ್ಲಿ ಮುಳ್ಳುಗಳನ್ನು ಸಾಲಾಗಿ ಇಡುತ್ತ, ಹೇಳಿಬಿಡಬೇಕು ಇವತ್ತು ಎಂದುಕೊಂಡ. ಇವನಾಗಿ ತಿಳಿದುಕೊಳ್ಳುವ ಮೊದಲು ನಾನಾಗಿ ಹೇಳಿದರೆ ಅದು ಒಂದು ಥರ. ಆಮೇಲೆ ಬೇರೆ ಥರ. ಇವತ್ತೇ, ಊಟದ ನಂತರ, ಟೀವಿಯ ಮೊದಲು. ಕೈ ತೊಳೆದು ಬರುವಷ್ಟರಲ್ಲಿ ಕ್ಷಮಾ ಕ್ಯಾಸೆಟ್ಟು ಹಾಕಿ ಆಗಿತ್ತು.

ಪರದೆಯ ಮೇಲೆ ನೀಲಿ ಬಂತು. ಆಕಾಶವೋ ಸಮುದ್ರವೋ ತಿಳಿಯದ ನೀಲಿ. ಕೆಳಗೆ ಬಲಮೂಲೆಯಲ್ಲಿ ಕ್ಯಾಮರಾ ತಾನಾಗಿ ಒತ್ತಿದ ಹಳದಿ ಅಂಕಿಗಳು: 23.5.1996. ಆಮೇಲೆ ಕ್ಯಾಮರಾ ನಡುಗುತ್ತ ಇಳಿದು, ಬಂಡೆಯ ತುದಿಯಲ್ಲಿ ಬೂದು ಕಲ್ಲಿನ ಗುಡಿಯೊಂದನ್ನು ಹಿಡಿಯಿತು. "ಇದು ಟುಲುಮ್," ಎಂದಿತು ಟೀವಿಯೊಳಗಿನ ಜಯರಾಜನ ಸ್ವರ, ಮನೆಯಲ್ಲಿ ಕೂತ ಜಯರಾಜನಿಗೆ ಎಂದೂ ತನ್ನದೆನ್ನಿಸದ ಮೂಗಿನ ಸ್ವರ, "ಮಾಯಾ ಅಂತ ಹೇಳುವ ಜನರು ಕಟ್ಟಿದ್ದು. ಸಾವಿರ ವರ್ಷದ ಹತ್ರ ಆಯ್ತು."

"ಟುಲುಮ್ ಅಂದ್ರೆ ನಮ್ಮ ತುಳುವರದ್ದೇ ಇರ್ಬೇಕು," ಎಂದ ಬ್ಯಾಪ್ಟಿಸ್ಟ್. "ಅಲ್ಲಿ ಹೋಗಿ ಹೋಟೆಲು ಇಟ್ಟು, ಆಮೇಲೆ ಲಾಸಾಗಿ ಬಿಟ್ಟು ಬಂದದ್ದು." ಫಿಲೊಮಿನಾ ಅವನ ಮೊಣಕೈಗೆ ಹೊಡೆದಳು. ಎಲ್ಲರೂ ನಕ್ಕರು. ಜಯರಾಜ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಕ್ಕ.

ಕ್ಯಾಮರಾದಲ್ಲಿ ಬಾರದ್ದು ಆ ಬಿಸಿ. ಬಹ್ರೈನಿನ ಬಿಸಿ ಗೊತ್ತಿದ್ದ ಬಿಸಿ. ಟುಲುಮಿನದು ಬೇರೆ, ಹಸಿರಿನೊಳಗಿಂದ ಬರುವ, ಊರಿನ ಮೇ ತಿಂಗಳಿನ ಹಾಗೆ ಬೆನ್ನಿಗಂಟುವ ಸೆಕೆ. ಹೋಟೆಲಿದ್ದ ಕಾನ್‌ಕೂನಿನಿಂದ ಬಸ್ಸಿನಲ್ಲಿ ಎರಡು ಗಂಟೆ. ನಡುದಾರಿಯ ಆಚೆ ಸೀಟಿನಲ್ಲಿ ನಿವೃತ್ತ ಟೀಚರಮ್ಮ, ಅಮೆರಿಕದವಳು, ಮೊಣಕಾಲ ಮೇಲೆ ದಪ್ಪ ಪುಸ್ತಕ. ಎಲ್ಲಿಂದ ಬಂದಿರಿ ಎಂದು ಕೇಳಿ, ಬಹ್ರೈನ್ ಎಂದದ್ದೇ ಎದೆಯ ಮೇಲೆ ಕೈಯಿಟ್ಟುಕೊಂಡಳು. ಓ ದೇವರೇ, ಆ ಸಮಾಧಿಯ ದಿಬ್ಬಗಳು! ನಾಲ್ಕು ಸಾವಿರ ವರ್ಷದವು! ಸಾವಿರ ಸಾವಿರ! ನಿಮಗೇನು, ಬೇಕಾದಾಗಲೆಲ್ಲ ಹೋಗಿ ನೋಡಬಹುದು! "ಯೆಸ್, ಯೆಸ್, ವೆರಿ ಆಫನ್," ಎಂದಿದ್ದ ಜಯರಾಜ. ಹದಿನಾರು ವರ್ಷ ಅವುಗಳ ಪಕ್ಕದಲ್ಲೇ ಕಾರು ಓಡಿಸಿದ್ದ. ಯಾವುದೋ ಕಂಟ್ರಾಕ್ಟರು ಸುರಿದು ಎತ್ತಲು ಮರೆತ ಮಣ್ಣು ಎಂದುಕೊಂಡಿದ್ದ. ಅವಳು ಇನ್ನೊಂದು ಪ್ರಶ್ನೆ ಕೇಳುವ ಮೊದಲು ನಿದ್ದೆ ಬಂದವನಂತೆ ಕಣ್ಣು ಮುಚ್ಚಿ, ಟುಲುಮ್ ಬರುವ ತನಕ ಹಾಗೇ ಇದ್ದ. ಹೀಗಾಗಿ ಆ ದಾರಿಯಲ್ಲಿ ಏನಿತ್ತೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ವಾಪಸು ಬಂದ ಮೇಲೆ ಈಸಾ ಟೌನಿಗೆ ಕ್ಷಮಾಳನ್ನು ಶಾಲೆಗೆ ಬಿಡಲು ಹೋಗುವಾಗ ಒಮ್ಮೆ ಆ ದಿಬ್ಬಗಳಿಗಾಗಿಯೇ ಸುತ್ತುಹಾಕಿ ಹೋಗಿ ನಿಧಾನ ಮಾಡಿದ್ದ. ಹಿಂದಿನವನು ಹಾರ್ನ್ ಹೊಡೆದ. ಸಣ್ಣ ಸಣ್ಣ ಗುಡ್ಡೆಗಳು, ಒಂದರ ಪಕ್ಕ ಒಂದು, ಹೆಸರಿಲ್ಲದವರವು. "ಡ್ಯಾಡಿ, ಅಸೆಂಬ್ಲಿ!" ಎಂದು ಮಗಳು ಕಿರುಚಿದ್ದಳು.

"ಇದೆಂತ, ಈ ಬೊಂಬೆ ತಲೆಕೆಳಗು ಉಂಟಲ್ಲ?" ಫಿಲೊಮಿನಾ ಮುಂದಕ್ಕೆ ಬಾಗಿದಳು. ಗುಡಿಯೊಂದರ ಬಾಗಿಲ ಮೇಲೆ, ಕಾಲು ಆಕಾಶಕ್ಕೆ, ಕೈ ಭೂಮಿಗೆ ಮಾಡಿದ ಸವೆದ ಆಕೃತಿ.

"ದೇವ್ರಂತೆ," ಎಂದಳು ನೀರಜಾಕ್ಷಿ. "ಇಳಿದು ಬರುವ ದೇವ್ರು. ಆ ಗೈಡು ಹೇಳಿದ."

"ಇಳೀತಾ ಇದ್ದಾನಾ ಬೀಳ್ತಾ ಇದ್ದಾನಾ ಅಂತ ಹೇಗೆ ಗೊತ್ತಾಗೂದು?" ಎಂದ ಬ್ಯಾಪ್ಟಿಸ್ಟ್, ಯಾರನ್ನೂ ನಿರ್ದಿಷ್ಟವಾಗಿ ಕೇಳದೆ.

ಗೈಡು ಕುಳ್ಳ, ಅಗಲ ಮುಖದವನು. ಅವನೇ ಮಾಯಾ ಜನಾಂಗದವನಂತೆ. ಆದರೂ ಹಳಬರನ್ನು 'ಅವರು' ಎನ್ನುತ್ತಿದ್ದ. ಅವರು ಮೂರು ಕಡೆ ಗೋಡೆ ಕಟ್ಟಿದರು, ನಾಲ್ಕನೇ ಕಡೆ ಸಮುದ್ರವಿತ್ತು. ಅವರು ಬಾಗಿಲುಗಳನ್ನು ಗಿಡ್ಡ ಮಾಡಿದರು. ದೊಡ್ಡ ಗುಡಿಯ ಎರಡು ಕಿಟಕಿಗಳಲ್ಲಿ ದೀಪ ಇಡುತ್ತಿದ್ದರಂತೆ. ದೋಣಿಯವರಿಗೆ ಎರಡೂ ಒಟ್ಟಿಗೆ ಕಂಡರೆ ಮಾತ್ರ ಬಂಡೆಗಳ ನಡುವಿನ ದಾರಿ ಸರಿ, ಒಂದೇ ಕಂಡರೆ ದೋಣಿ ಒಡೆದಂತೆ. ಇದನ್ನು ಕೇಳುವಾಗ ಜಯರಾಜನಿಗೆ ಯಾಕೋ ಡ್ರಾಯರು ನೆನಪಾಗಿ, ಆ ಬೆಳಕಿನಲ್ಲಿ, ಆ ಹುಚ್ಚು ನೀಲಿ ಸಮುದ್ರದ ಎದುರಿಗೆ, ಬೆವರು ತಣ್ಣಗಾಗಿತ್ತು. ಕಲ್ಲಿನ ಮೇಲೆ ಉಡದಂಥ ಪ್ರಾಣಿಯೊಂದು ಗಂಟಲು ಉಬ್ಬಿಸಿ ಅವನನ್ನೇ ನೋಡುತ್ತಿತ್ತು. ಬ್ಯಾಪ್ಟಿಸ್ಟನಿಗೆ ಏನಾದರೂ ಒಯ್ಯಬೇಕೆಂದು ಆಗಲೇ ತೀರ್ಮಾನಿಸಿ, ಬಾಗಿಲ ಅಂಗಡಿಯಲ್ಲಿ ಮಾಯಾ ಪಂಚಾಂಗದ್ದೆಂದು ಹೇಳಿದ ಪ್ಲಾಸ್ಟರಿನ ದುಂಡು ತಟ್ಟೆಯೊಂದನ್ನು ಕೊಂಡ. ಬಸ್ಸಿನಲ್ಲಿ ಟೀಚರಮ್ಮ ಅದನ್ನು ಕನಿಕರದಿಂದ ನೋಡಿ, ಇದು ಮಾಯಾದ್ದಲ್ಲ, ಅಜ್ಟೆಕರದ್ದು, ಅವರು ಬೇರೆಯೇ ಜನ, ಇಲ್ಲಿಂದ ಬಹಳ ದೂರ ಎಂದಳು. ಭೂಮಿಯ ಆ ಬದಿಗೆ ಹೋಗಿ, ತಪ್ಪು ಜನರ ಪಂಚಾಂಗ ತಂದಿದ್ದ. ಅದು ಐದು ತಿಂಗಳಿನಿಂದ ಕಪಾಟಿನಲ್ಲೇ ಇತ್ತು.

"ಏನೇ ಹೇಳಿ ಸರ್," ಬ್ಯಾಪ್ಟಿಸ್ಟ್ ಕುರ್ಚಿಗೆ ಒರಗಿ ಕೂತಿದ್ದ. ಅವನ ಕಣ್ಣು ಗುಡಿಯ ಮೇಲಿರಲಿಲ್ಲ, ಪರದೆಯ ಮೂಲೆಯ ಮೇಲಿತ್ತು. "ತಾರೀಕು ಹಾಕುವ ಮಿಶನ್ನು ಒಳ್ಳೇದು. ಜವಾಝಾತಿನವರ ಹಾಗೆ. ಅವರೂ ಒಂದು ದಿನ ಹಿಂದೆಮುಂದೆ ಮಾಡೂದಿಲ್ಲ. ಮೊನ್ನೆ ಜೋಸ್ವಿನ್‌ನ ಶಾಲೆಗೆ ನನ್ನ ವೀಸಾದ ಪೇಜು ಬೇಕಾಯ್ತು. ನೀವು ರಜೆಯಲ್ಲಿದ್ರಿ, ಸೆಕ್ರೆಟರಿ ತೆಗೆದು ಕೊಟ್ಳು. ಸೀಲು ಏಪ್ರಿಲ್ ಒಂಬತ್ತು. ಎಷ್ಟು ಕ್ಲಿಯರುಂಟು ಗೊತ್ತುಂಟಾ ಆ ನೀಲಿ ಇಂಕು!"

"ಎಂತ ಒಂಬತ್ತು?" ಎಂದಳು ಫಿಲೊಮಿನಾ.

"ಏನಿಲ್ಲ. ಆಫೀಸಿಂದು."

ಪರದೆಯ ಮೇಲೆ ಜಯರಾಜ ಗಿಡ್ಡ ಬಾಗಿಲೊಂದರಲ್ಲಿ ಸೊಂಟ ಬಗ್ಗಿಸಿ ಒಳಗೆ ಹೋಗುತ್ತಿದ್ದ. ಮೈಮೇಲೆ, ಈ ಪ್ರವಾಸಕ್ಕೆಂದೇ ಮನಾಮಾ ಸೂಕಿನಲ್ಲಿ ಕೊಂಡ, ಹಸಿರು ಗಿಳಿಗಳ ಶರ್ಟು. ಗಿಳಿಗಳ ಬೆನ್ನು ಮಾತ್ರ ಸ್ವಲ್ಪ ಹೊತ್ತು ಕಂಡಿತು. ಕುರ್ಚಿಯಲ್ಲಿ ಕೂತ ಜಯರಾಜ ಲೆಕ್ಕ ಹಾಕಿದ: ಒಂಬತ್ತಕ್ಕೇ ಸೀಲು, ಹನ್ನೊಂದಕ್ಕೆ ಗಡುವು. ಹಾಗಾದರೆ ಗೊತ್ತು. ಯಾವಾಗಿನಿಂದ? ರಜೆ ಆಗಸ್ಟಿನಲ್ಲಿ. ಆಗಸ್ಟು, ಸೆಪ್ಟೆಂಬರು, ಅಕ್ಟೋಬರು: ದಿನವೂ ಬೆಳಿಗ್ಗೆ "ಗುಡ್ ಮಾರ್ನಿಂಗ್ ಸರ್" ಎಂದದ್ದು, ಮಗನ ಹುಟ್ಟುಹಬ್ಬದ ಕೇಕು ತಂದದ್ದು, ತನ್ನ ಕಾರಿನ ಟಯರು ಪಂಕ್ಚರಾದಾಗ ಬಿಸಿಲಲ್ಲಿ ಕೂತು ಬದಲಿಸಿದ್ದು, ಎಲ್ಲವೂ ಗೊತ್ತಿದ್ದು ಮಾಡಿದ್ದು. ಆ ಒಂದೊಂದು ಒಳ್ಳೆಯತನವೂ ಈಗ ತಿರುಗಿ ತನ್ನ ಇನ್ನೊಂದು ಮುಖ ತೋರಿಸತೊಡಗಿತು. ವಿಚಿತ್ರವೆಂದರೆ, ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು: ಮೂರು ತಿಂಗಳು ನನ್ನನ್ನು ನೋಡುತ್ತ ಕೂತಿದ್ದನಲ್ಲ ಇವನು, ಕಲ್ಲಿನ ಮೇಲಿನ ಉಡದ ಹಾಗೆ!

"ಇನ್ನು ಹೋಟ್ಲಿಂದು ಮಾತ್ರ, ಲಾಸ್ಟ್ ದಿನದ್ದು. ಸಾಕು, ನಿಮಗೆ ಬೋರಾಗ್ತದೆ," ಎಂದು ನೀರಜಾಕ್ಷಿ ಕ್ಯಾಸೆಟ್ಟು ನಿಲ್ಲಿಸಿದಳು. ಕೊನೆಯ ದಿನ. ಅದು ಮಾತ್ರ ಯಾರಿಗೂ ಗೊತ್ತಿರದ ದಿನ. ಈಜುಕೊಳದ ಬದಿಯಲ್ಲಿ ಜಯರಾಜ ಸುಮ್ಮನೆ ನಿಂತಿದ್ದ. ಕೆಂಪಗೆ ಬೆಂದ ಮುದುಕನೊಬ್ಬ ಮಲಗಿದಲ್ಲಿಂದಲೇ ಚಿಟಿಕೆ ಹೊಡೆದು ಸ್ಪ್ಯಾನಿಷಿನಲ್ಲಿ ಏನೋ ಅಂದು, ಆಚೆ ರಾಶಿ ಹಾಕಿದ ಟವೆಲುಗಳತ್ತ ತೋರಿಸಿದ. ನಾನು ಇಲ್ಲಿಯ ಅತಿಥಿ, ಮ್ಯಾನೇಜರ್ ಎಂದು ಹೇಳಲು ಬಾಯಿ ತೆರೆದಿದ್ದ. ಆದರೆ ಕಾಲು ಆಗಲೇ ಹೊರಟಾಗಿತ್ತು. ಟವೆಲು ತಂದ. ಎರಡು ಕೈಯಲ್ಲಿ ಕೊಟ್ಟ. ಮುದುಕ "ಗ್ರಾಸಿಯಾಸ್" ಎಂದು ಕಣ್ಣು ಮುಚ್ಚಿಕೊಂಡ. ಪುಣ್ಯಕ್ಕೆ ಸುತ್ತ ಗುರುತಿನವರು ಯಾರೂ ಇರಲಿಲ್ಲ. ನೀರಜಾಕ್ಷಿ ಮೇಲೆ ಕೋಣೆಯಲ್ಲಿ ಸೂಟ್‌ಕೇಸು ತುಂಬುತ್ತಿದ್ದಳು.

ಅವಳೇ ಈಗ ಕಪಾಟಿನಿಂದ ಪ್ಲಾಸ್ಟರಿನ ತಟ್ಟೆ ತೆಗೆದು ಫಿಲೊಮಿನಾಳ ಕೈಗಿಟ್ಟಳು. "ನಿಮಗೇ ಅಂತ ಇವ್ರು ತಂದದ್ದು, ಕಾಣಿ. ಕೊಡ್ಲಿಕ್ಕೆ ನಾಚಿಕೆ ಇವ್ರಿಗೆ."

"ಎಷ್ಟು ಚೆಂದ ಉಂಟು! ಮನೆಯಲ್ಲಿ ದೇವರ ಆಲ್ತಾರಿನ ಪಕ್ಕದಲ್ಲಿಡುವ," ಎಂದಳು ಫಿಲೊಮಿನಾ.

ಮೀನಿನ ಸಾರು ಸ್ಟೀಲು ಡಬ್ಬಿಗೆ ತುಂಬಿಸುವ, ಬೇಡ ಬೇಕು ಎನ್ನುವ ಜಗ್ಗಾಟ ಅಡುಗೆಮನೆಯಲ್ಲಿ ನಡೆದಿರುವಾಗ ಗಂಡಸರಿಬ್ಬರೂ ಕೆಳಗೆ ಕಾರಿನ ಬಳಿಗೆ ಇಳಿದರು. ಅಕ್ಟೋಬರಿನ ಮೂರೂವರೆಯ ಬಿಸಿಲು ಬೋಳು ಗೋಡೆಯ ಮೇಲೆ ಬಿದ್ದಿತ್ತು. ಹೊಗೆ ಈಗ ಇರಲಿಲ್ಲ. ಜಯರಾಜ ಮಾತು ತೆಗೆದ. ಐದು ತಿಂಗಳು ಮನಸ್ಸಿನಲ್ಲಿ ತಿದ್ದಿ ತಿದ್ದಿ ಇಟ್ಟ ವಾಕ್ಯ, ಶುರುವಾದದ್ದು ಮಾತ್ರ ಕಾಗದದ ಒಕ್ಕಣೆಯ ಹಾಗೆ.

"ಬ್ಯಾಪ್ಟಿಸ್ಟ್ರೆ, ಆ ಏಪ್ರಿಲ್‌ನಲ್ಲಿ ನಿಮ್ಮ ಪಾಸ್‌ಪೋರ್ಟಿನ ವಿಷಯದಲ್ಲಿ..."

"ಬೇಡ ಸರ್."

"ಅಲ್ಲ, ಒಂದು ನಿಮಿಷ, ನಾನು ಹೇಳೂದು..."

"ಹೇಳ್ಬೇಡಿ." ಬ್ಯಾಪ್ಟಿಸ್ಟನ ಸ್ವರ ಏರಲಿಲ್ಲ. ಗಿರಾಕಿಗೆ ಗ್ಯಾರಂಟಿಯ ಷರತ್ತು ವಿವರಿಸುವಾಗಿನ ಸ್ವರವೇ. "ನಿಮಗೆ ಗೊತ್ತುಂಟು. ನನಗೆ ಗೊತ್ತುಂಟು ಅಂತ ಇವತ್ತು ನಿಮಗೆ ಗೊತ್ತಾಯ್ತು. ಅಷ್ಟರಲ್ಲೇ ಇರ್ಲಿ. ನೀವು ಬಾಯಿಬಿಟ್ಟು ಹೇಳಿದ್ರೆ ನಾನು ಎಂತದಾದ್ರೂ ಹೇಳ್ಬೇಕಾಗ್ತದೆ. ಪರ್ವಾಗಿಲ್ಲ ಅನ್ಬೇಕು, ಇಲ್ಲದಿದ್ರೆ ಜಗಳ ಮಾಡ್ಬೇಕು. ಜಗಳ ಮಾಡುವ ಹಾಗಿಲ್ಲ. ಮಾರ್ಚಿಗೆ ಹುಡುಗನ ಪರೀಕ್ಷೆ, ಮುಂದಿನ ವೀಸಾಕ್ಕೂ ನಿಮ್ಮದೇ ಸೈನು. ಪರ್ವಾಗಿಲ್ಲ ಅಂತ ಹೇಳ್ಲಿಕ್ಕೆ..." ಅವನು ಕಾರಿನ ಕನ್ನಡಿಯ ಧೂಳನ್ನು ಬೆರಳಿನಿಂದ ಒರೆಸಿದ. "ಅದು ನನಗೆ ಆಗೂದಿಲ್ಲ ಸರ್."

ಜಯರಾಜ ಏನೋ ಅನ್ನಹೋದ. ಬಂದದ್ದು, "ಫಿಲೊಮಿನಾರಿಗೆ..." ಎಂಬಷ್ಟೇ.

"ಗೊತ್ತಿಲ್ಲ. ಗೊತ್ತು ಮಾಡೂದೂ ಇಲ್ಲ. ಆ ಪಾಸ್‌ಪೋರ್ಟ್ ಬರ್ಲಿ ಅಂತ ಒಂಬತ್ತು ದಿನ ನೊವೆನಾ ಪ್ರಾರ್ಥನೆ ಮಾಡಿದ್ಳು ಅವಳು. ಬರ್ಲಿಲ್ಲ ಅಂದಾಗ, ದೇವರಿಗೆ ಇಷ್ಟ ಇಲ್ಲ, ವಿಮಾನಕ್ಕೆ ಏನಾದ್ರೂ ಆಗ್ತಿತ್ತೋ ಏನೋ ಅಂತ ಸಮಾಧಾನ ಮಾಡ್ಕೊಂಡಿದ್ದಾಳೆ. ದೇವರ ಹೆಸರಿನಲ್ಲುಂಟು ಅದು. ಅಲ್ಲೇ ಇರ್ಲಿ. ನಿಮ್ಮ ಹೆಸರಿಗೆ ಯಾಕೆ ಟ್ರಾನ್ಸ್‌ಫರ್ ಮಾಡೂದು?"

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಫಿಲೊಮಿನಾ ಒಂದು ಕೈಯಲ್ಲಿ ಸಾರಿನ ಡಬ್ಬಿ, ಇನ್ನೊಂದು ಕೈಯಲ್ಲಿ ತಪ್ಪು ಜನರ ಪಂಚಾಂಗವನ್ನು ಎದೆಗವಚಿ ಬಂದು, "ತುಂಬ ಥ್ಯಾಂಕ್ಸ್ ಸರ್, ನಾವೇ ಹೋಗಿ ಬಂದ ಹಾಗಾಯ್ತು" ಎಂದಳು. ಅದರಲ್ಲಿ ಒಂದಕ್ಷರ ವ್ಯಂಗ್ಯವಿರಲಿಲ್ಲ. ಬ್ಯಾಪ್ಟಿಸ್ಟ್ ಅವಳಿಗೆ ಬಾಗಿಲು ತೆಗೆದ. "ನಾಳೆ ಸಿಗುವ ಸರ್. ಆ ಜುಫೈರಿನ ಕೊಟೇಶನ್ನಿಗೆ ಬೆಳಿಗ್ಗೆಯೇ ಸೈನು ಬೇಕು," ಎಂದ. ಕಾರು ತಿರುವಿನಲ್ಲಿ ಮರೆಯಾಗುವ ತನಕ ಜಯರಾಜ ಕೈ ಎತ್ತಿ ನಿಂತಿದ್ದ. ಆಮೇಲೆ ಆ ಕೈಯಿಂದ ಕೂದಲು ಸರಿಪಡಿಸಿಕೊಂಡ.

ಮೇಲೆ ಬಂದಾಗ ಟೀವಿ ಮತ್ತೆ ಓಡುತ್ತಿತ್ತು. ಕ್ಷಮಾ ಅಳಿದುಳಿದ ಕೇಕು ತಿನ್ನುತ್ತ ಕ್ಯಾಸೆಟ್ಟಿನ ಕೊನೆ ನೋಡುತ್ತಿದ್ದಳು. ಎತ್ತರದಿಂದ, ಬಾಲ್ಕನಿಯ ಕಂಬಿಗಳ ನಡುವಿನಿಂದ ತೆಗೆದ ಈಜುಕೊಳ. "ಝೂಮು ಹೇಗೆ ಬರ್ತದೆ ಅಂತ ನೋಡಿದ್ದೆ ನಾನು ಅಲ್ಲಿ," ಎಂದಳು ನೀರಜಾಕ್ಷಿ ಪಾತ್ರೆ ತೊಳೆಯುತ್ತ. ಮೂಲೆಯಲ್ಲಿ 26.5.1996. ಚಿತ್ರ ಹತ್ತಿರ ಹೋಯಿತು, ಅಲುಗಾಡಿತು, ನಿಂತಿತು. ಕೊಳದ ಬದಿಯಲ್ಲಿ ಒಬ್ಬ ಕರಿಯ ತೆಳ್ಳಗಿನ ಮನುಷ್ಯ ರಾಶಿಯಿಂದ ಬಿಳಿ ಟವೆಲೊಂದನ್ನು ಎತ್ತಿಕೊಂಡು, ಮಲಗಿದವನ ಬಳಿ ಹೋಗಿ, ಗಿಡ್ಡ ಬಾಗಿಲೊಂದನ್ನು ದಾಟುವವನಂತೆ ಸೊಂಟ ಬಗ್ಗಿಸಿ, ಎರಡು ಕೈಯಲ್ಲಿ ಕೊಡುತ್ತಿದ್ದ.

"ಡ್ಯಾಡಿ, ಅದು ಯಾರು? ನೀವಾ?"

ಜಯರಾಜ ರಿಮೋಟಿಗಾಗಿ ಸೋಫಾದ ಮೇಲೆಲ್ಲ ಕೈಯಾಡಿಸಿದ. ಸಿಗಲಿಲ್ಲ.

"ಅಲ್ಲ," ಎಂದ. "ಅಲ್ಲಿಯ ಕೆಲಸದವನು."

ಕ್ಷಮಾ ಕೇಕನ್ನು ಕೆಳಗಿಟ್ಟು, ಪರದೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಬಟ್ ಡ್ಯಾಡಿ, ಅವ್ನು ನಿಮ್ಮ ಶರ್ಟ್ ಹಾಕಿದ್ದಾನಲ್ಲ?"